ಗರಗರ ಸದ್ದು ಮತ್ತು ಧ್ವನಿವರ್ಧಕದ ಪಾಠ: ಒಂದು ವಿಮರ್ಶೆ

ನಿಮ್ಮ ಶಾಲೆಯ ಧ್ವನಿವರ್ಧಕ ಎಂದಾದರೂ ಗರಗರ ಎಂದಿದೆಯೇ? ಆಗ ನೀವು ಏನು ಮಾಡಿದಿರಿ? ಪೆಟ್ಟಿಗೆಯ ತಲೆಗೆ ಒಂದು ಪೆಟ್ಟು ಕೊಟ್ಟಿರಬಹುದು, ವೈರನ್ನು ಅಲುಗಾಡಿಸಿರಬಹುದು, ಕೊನೆಗೆ ಪೇಟೆಯ ಮೈಕ್ ಅಂಗಡಿಗೆ ಹೊರಿಸಿ ಕಳಿಸಿರಬಹುದು. ನಾನೂ ಇಷ್ಟನ್ನೇ ಮಾಡಿದವನು. ಇಷ್ಟು ಮಾಡಿ ತಪ್ಪಿದವನು ಕೂಡ. ಆ ತಪ್ಪಿನ ಬೇರು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ಅದು ಸ್ಪೀಕರಿನಲ್ಲಿ ಸಿಗಲಿಲ್ಲ. ನಾನೇ ವರ್ಷ ವರ್ಷ ಮಾಡುತ್ತಿದ್ದ ಪಾಠದಲ್ಲಿ ಸಿಕ್ಕಿತು. ಆದ್ದರಿಂದ ಈ ಲೇಖನವನ್ನು ರಿಪೇರಿಯ ಕೈಪಿಡಿ ಎಂದು ಓದಬೇಡಿ. ಧ್ವನಿವರ್ಧಕವನ್ನು ನಾವು ಕಲಿಸುವ ರೀತಿಯ ವಿಮರ್ಶೆ ಎಂದು ಓದಿ. ರಿಪೇರಿಯ ನಾಲ್ಕು ಮಾತು ನಡುವೆ ತಾನಾಗಿ ಬರುತ್ತದೆ.

ನಡೆದದ್ದು ಇಷ್ಟು

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವ ದಾರಿಯ ಒಂದು ಪ್ರೌಢಶಾಲೆ. ಹೆಸರು ಬೇಡ. ದಾನಿಗಳು ಕೊಡಿಸಿದ ಎರಡು ಸ್ಪೀಕರ್ ಪೆಟ್ಟಿಗೆಗಳು ಸಭಾಂಗಣದ ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಇದ್ದವು. ಮುಖ್ಯೋಪಾಧ್ಯಾಯರು ಮೈಕಿನ ಮುಂದೆ ನಿಂತು ಮಾತಾಡಿದಾಗಲೆಲ್ಲ ಎಡಗಡೆಯಿಂದ ಗರಗರ ಸದ್ದು. ಮಕ್ಕಳು ನಾಡಗೀತೆ ಹಾಡಿದರೆ ಸದ್ದಿಲ್ಲ. ಈ ವ್ಯತ್ಯಾಸವನ್ನು ನಾನು ಗಮನಿಸಿದ್ದೆ, ಆದರೆ ಅದಕ್ಕೆ ಬೆಲೆ ಕೊಡಲಿಲ್ಲ.

ಮೈಕ್ ಸೆಟ್ಟನ್ನು ನೋಡಿಕೊಳ್ಳುತ್ತಿದ್ದವನು ಒಂಬತ್ತನೇ ತರಗತಿಯ ಒಬ್ಬ ಹುಡುಗ. ‘ಹಾಡು ಹಾಕಿ ಜೋರು ಮಾಡಿ ಕೋನ್ ಹರಿದಿದ್ದೀಯ’ ಎಂದು ನಾನು ಗದರಿದೆ. ‘ಇಲ್ಲ ಸಾರ್, ಮೊನ್ನೆ ಅಂಗಳದಾಗೆ ಇಟ್ಟಾಗ ಸದ್ದೇ ಬರ್ಲಿಲ್ಲ ಸಾರ್’ ಎಂದ. ಎದುರು ಮಾತಾಡುತ್ತಾನೆ ಎಂದುಕೊಂಡು ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡೆ.

ಆಂಪ್ಲಿಫೈಯರಿನ ಹಿಂಭಾಗದಲ್ಲಿ ಎಡ ಬಲದ ವೈರುಗಳನ್ನು ಅದಲು ಬದಲು ಮಾಡಿ ನೋಡಿದೆವು. ಸದ್ದು ಎಡಗಡೆಯೇ ಉಳಿಯಿತು. ಹಾಗಾದರೆ ದೋಷ ಎಡಗಡೆಯ ಪೆಟ್ಟಿಗೆಯದೇ ಎಂದು ತೀರ್ಮಾನಿಸಿ ಅಂಗಡಿಗೆ ಕಳಿಸಿದೆವು. ಹೊಸ ಕೋನ್ ಹಾಕಿಸಿ, ಹಣ ಕೊಟ್ಟು, ತಂದು ಅದೇ ಜಾಗದಲ್ಲಿ ಇಟ್ಟೆವು. ಅದೇ ಗರಗರ! ಆಮೇಲೆ ಆಂಪ್ಲಿಫೈಯರ್ ಅಂಗಡಿಗೆ ಹೋಯಿತು, ಸರಿಯಾಗಿದೆ ಎಂಬ ಉತ್ತರದೊಂದಿಗೆ ವಾಪಸು ಬಂತು. ಕೊನೆಗೆ ಎಡಗಡೆಯ ಪೆಟ್ಟಿಗೆಯನ್ನು ಬಳಸುವುದನ್ನೇ ಬಿಟ್ಟೆವು.

ತಿಂಗಳುಗಳ ನಂತರ ಸಭಾಂಗಣಕ್ಕೆ ಸುಣ್ಣ ಬಳಿಯಲು ಸಾಮಾನೆಲ್ಲ ಹೊರಗೆ ಹಾಕಿದರು. ಖಾಲಿ ಕೋಣೆಯಲ್ಲಿ ಯಾರೋ ಎರಡೂ ಪೆಟ್ಟಿಗೆ ಹಚ್ಚಿದರು. ಗರಗರ ಇರಲಿಲ್ಲ. ಸಾಮಾನು ಒಳಗೆ ಬಂದ ಮೇಲೆ ಮತ್ತೆ ಶುರುವಾಯಿತು. ಆಗ ಆ ಹುಡುಗನ ಮಾತು ನೆನಪಾಯಿತು. ಎಡಗಡೆಯ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಉಕ್ಕಿನ ಬೀರು ಇತ್ತು. ಅದರ ಮೇಲೆ ಕ್ರೀಡಾಕೂಟದಲ್ಲಿ ಗೆದ್ದ ಷೀಲ್ಡ್ ಒಂದನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಅದರ ಮೇಲೆ ಬೆರಳಿಟ್ಟರೆ ಸದ್ದು ನಿಂತಿತು. ಬೆರಳು ತೆಗೆದರೆ ಬಂತು.

ಈಗ ಹೇಳಿ, ಎಲ್ಲಿ ತಪ್ಪಿದೆವು? ವೈರು ಬದಲಿಸುವ ಪರೀಕ್ಷೆ ಸರಿಯಾದದ್ದೇ. ಆದರೆ ಅದು ಆಂಪ್ಲಿಫೈಯರನ್ನು ಪೆಟ್ಟಿಗೆಯಿಂದ ಬೇರ್ಪಡಿಸುತ್ತದೆಯೇ ಹೊರತು ಪೆಟ್ಟಿಗೆಯನ್ನು ಅದು ಇರುವ ಜಾಗದಿಂದ ಬೇರ್ಪಡಿಸುವುದಿಲ್ಲ. ಎಡಗಡೆಯ ಪೆಟ್ಟಿಗೆ ಮತ್ತು ಎಡಗಡೆಯ ಜಾಗ ಎರಡನ್ನೂ ನಾವು ಒಂದೇ ಎಂದು ಎಣಿಸಿದ್ದೆವು. ಪೆಟ್ಟಿಗೆಗಳನ್ನೇ ಅತ್ತಿತ್ತ ಮಾಡಿದ್ದರೆ ಐದು ನಿಮಿಷದಲ್ಲಿ ವಿಷಯ ಬಯಲಾಗುತ್ತಿತ್ತು. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕು ಎಂದು ಪ್ರಯೋಗಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಸುವವನು ನಾನೇ. ಸಭಾಂಗಣಕ್ಕೆ ಬಂದಾಗ ಅದು ಮರೆತುಹೋಗಿತ್ತು.

ಹೆಸರಿನಲ್ಲೇ ಗೊಂದಲ

ಮೊದಲ ತಕರಾರು ಹೆಸರಿನ ಬಗ್ಗೆ. ‘ಧ್ವನಿವರ್ಧಕ’ ಎಂದರೆ ಧ್ವನಿಯನ್ನು ಹೆಚ್ಚಿಸುವುದು. ಸ್ಪೀಕರ್ ಧ್ವನಿಯನ್ನು ಹೆಚ್ಚಿಸುವುದಿಲ್ಲ. ಅದಕ್ಕೆ ಧ್ವನಿ ಕೊಡುವವರೇ ಇಲ್ಲ. ಅದಕ್ಕೆ ಸಿಗುವುದು ವಿದ್ಯುತ್ತು, ಅದು ಕೊಡುವುದು ಗಾಳಿಯ ಕಂಪನ. ಈ ವ್ಯವಹಾರದಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಸಾಧಾರಣ ಕೋನ್ ಸ್ಪೀಕರಿಗೆ 100 ವಾಟ್ ಕೊಟ್ಟರೆ ಶಬ್ದವಾಗಿ ಹೊರಬರುವುದು 1 ವಾಟಿನ ಆಸುಪಾಸು. ಉಳಿದದ್ದೆಲ್ಲ ಹೆಚ್ಚಾಗಿ ಸುರುಳಿಯ ಶಾಖ. ವರ್ಧಿಸುವ ಕೆಲಸ ಆಂಪ್ಲಿಫೈಯರಿನದು.

ಇನ್ನು ಜನರ ಮಾತಿಗೆ ಬನ್ನಿ. ‘ಗುಡಿಯಲ್ಲಿ ಮೈಕು ಹಾಕಿದ್ದಾರೆ’ ಎಂದರೆ ಮರಕ್ಕೆ ಕಟ್ಟಿದ ಹಾರ್ನ್ ಕೇಳುತ್ತಿದೆ ಎಂದು ಅರ್ಥ. ಶಬ್ದವನ್ನು ವಿದ್ಯುತ್ತಾಗಿ ಮಾಡುವ ಉಪಕರಣದ ಹೆಸರು ವಿದ್ಯುತ್ತನ್ನು ಶಬ್ದವಾಗಿ ಮಾಡುವ ಉಪಕರಣಕ್ಕೆ ಅಂಟಿಕೊಂಡಿದೆ. ಇಲ್ಲಿ ಜನರನ್ನು ಹಳಿಯಲಾರೆ. ಸ್ಪೀಕರಿನ ತುದಿಗಳನ್ನು ಮೈಕಿನ ಜಾಗಕ್ಕೆ ಜೋಡಿಸಿ ಕೋನಿನ ಮುಂದೆ ಮಾತಾಡಿದರೆ ಅದು ಮೈಕಿನಂತೆಯೇ ಕೆಲಸ ಮಾಡುತ್ತದೆ. ಆದರೆ ಮೈಕು, ಆಂಪ್ಲಿಫೈಯರ್, ಸ್ಪೀಕರ್ ಮೂರನ್ನೂ ಒಂದೇ ಹೆಸರಿನಿಂದ ಕರೆದರೆ ‘ಮೈಕು ಕೆಟ್ಟಿದೆ’ ಎಂಬ ದೂರು ಬಂದಾಗ ಎಲ್ಲಿಂದ ಹುಡುಕಲು ತೊಡಗಬೇಕು? ರೋಗದ ಹೆಸರು ಗೊತ್ತಿಲ್ಲದಿದ್ದರೂ ನಡೆದೀತು, ಅಂಗದ ಹೆಸರು ಗೊತ್ತಿರಬೇಕು.

ಪಠ್ಯದಲ್ಲಿ ಒಂದು ಪದ

ಎರಡನೇ ತಕರಾರು ಪಠ್ಯದ ಬಗ್ಗೆ. ಎನ್.ಸಿ.ಇ.ಆರ್.ಟಿ.ಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಅಧ್ಯಾಯವಿದೆ. ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲೆ ಬಲ ಉಂಟಾಗುತ್ತದೆ ಎಂದು ಹೇಳಿ, ಇದನ್ನು ಬಳಸುವ ಸಾಧನಗಳ ಪಟ್ಟಿಯಲ್ಲಿ ಧ್ವನಿವರ್ಧಕವನ್ನು ಒಂದು ಪದದಲ್ಲಿ ಹೆಸರಿಸಿ ಮುಂದಕ್ಕೆ ಹೋಗುತ್ತದೆ. 2022ರಲ್ಲಿ ಪಠ್ಯಭಾರ ಇಳಿಸುವಾಗ ಇದೇ ಅಧ್ಯಾಯದಿಂದ ಮೋಟಾರು, ವಿದ್ಯುತ್ಕಾಂತೀಯ ಪ್ರೇರಣೆ, ಜನರೇಟರ್ ಈ ಮೂರನ್ನೂ ಎನ್.ಸಿ.ಇ.ಆರ್.ಟಿ. ಕೈಬಿಟ್ಟಿತು. ಬಲದ ನಿಯಮ ಉಳಿಯಿತು, ಆ ಬಲ ಯಾವುದನ್ನು ಅಲುಗಿಸುತ್ತದೆ ಎಂಬುದು ಹೋಯಿತು. ಹಾಗಾಗಿ ಹಳ್ಳಿಯ ಪ್ರತಿ ಮಗುವೂ ಕಂಡಿರುವ, ಮುಟ್ಟಿ ನೋಡಬಹುದಾದ ಒಂದು ಸಾಧನಕ್ಕೆ ಈಗ ಮೊದಲಿಗಿಂತ ಹೆಚ್ಚು ಜಾಗ ಸಿಗಬೇಕಿತ್ತು.

ಬೇರೆ ಪುಸ್ತಕಗಳಲ್ಲಿ, ಗೈಡುಗಳಲ್ಲಿ ಧ್ವನಿವರ್ಧಕದ ಚಿತ್ರ ಇರುತ್ತದೆ. ಮಕ್ಕಳು ಅದನ್ನು ಅಂದವಾಗಿ ಬಿಡಿಸಿ ಕಾಂತ, ಸುರುಳಿ, ಶಂಕು ಎಂದು ಗುರುತಿಸಿ ಅಂಕ ಪಡೆಯುತ್ತಾರೆ. ಆ ಚಿತ್ರದಲ್ಲಿ ಕಾಣಿಸದೇ ಹೋಗುವುದು ಮೂರು. ಸುರುಳಿ ಮತ್ತು ಕಾಂತದ ನಡುವಿನ ಸಂದು, ಸುರುಳಿಯನ್ನು ಆ ಸಂದಿನ ನಡುಮಧ್ಯದಲ್ಲಿ ಹಿಡಿದಿಡುವ ಸುಕ್ಕು ಬಟ್ಟೆಯ ‘ಸ್ಪೈಡರ್’, ಮತ್ತು ಚೌಕಟ್ಟಿನಿಂದ ಕೋನಿಗೆ ಹೋಗುವ ಮೃದುವಾದ ಹೆಣೆದ ತಂತಿ. ಸ್ಪೀಕರಿನೊಳಗಿನ ಗರಗರಕ್ಕೆ ಬಹುಪಾಲು ಕಾರಣ ಈ ಮೂರರ ಸುತ್ತಲೇ ಇರುತ್ತದೆ. ಸಾಧನ ಸರಿಯಾಗಿ ಕೆಲಸ ಮಾಡುವಾಗ ಹೇಗಿರುತ್ತದೆ ಎಂದಷ್ಟೇ ಹೇಳುವ ಚಿತ್ರ, ಅದು ಹೇಗೆ ಕೆಡಬಲ್ಲದು ಎಂಬುದನ್ನು ಮುಚ್ಚಿಡುತ್ತದೆ.

ಈ ಸಾಧನದ ವಯಸ್ಸನ್ನೂ ನೆನೆಯಿರಿ. 1898ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಚಲಿಸುವ ಸುರುಳಿಯ ಸ್ಪೀಕರಿಗೆ ಪೇಟೆಂಟ್ ಪಡೆದರು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ರೂಪದ ಕೋನ್ ಸ್ಪೀಕರನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ನೂರು ವರ್ಷಗಳಲ್ಲಿ ಅಂಟು, ಕಾಂತ, ಕಾಗದ ಬದಲಾಗಿವೆ. ತತ್ತ್ವ ಹಾಗೇ ಇದೆ. ಇಷ್ಟು ಸ್ಥಿರವಾಗಿ ನಿಂತಿರುವ ಸಾಧನ ಪಾಠಕ್ಕೆ ಇನ್ನೆಲ್ಲಿ ಸಿಗುತ್ತದೆ?

ಲೆಕ್ಕ ಹಾಕಿದರೆ ಕಾಣುವುದು

ಒಂದು ಲೆಕ್ಕ ಮಾಡೋಣ. ಹತ್ತನೇ ತರಗತಿಯವರಿಗೂ ಎಟುಕುವಂಥದು. 25 ಮಿ.ಮೀ. ವ್ಯಾಸದ ಸುರುಳಿಗೆ 76 ಸುತ್ತು ಸುತ್ತಿದರೆ ತಂತಿಯ ಉದ್ದ ಸುಮಾರು 6 ಮೀಟರ್. ಸಂದಿನಲ್ಲಿ ಕಾಂತಕ್ಷೇತ್ರ 1 ಟೆಸ್ಲಾ ಇರಲಿ. ತಂತಿಯಲ್ಲಿ ಪ್ರವಾಹ 1 ಆಂಪಿಯರ್ ಇದ್ದ ಕ್ಷಣದಲ್ಲಿ,

ಬಲ = ಕಾಂತಕ್ಷೇತ್ರ × ಪ್ರವಾಹ × ತಂತಿಯ ಉದ್ದ = 1 × 1 × 6 = 6 ನ್ಯೂಟನ್.

ಕೋನ್, ಸುರುಳಿ ಸೇರಿ ಅಲುಗುವ ಭಾಗದ ರಾಶಿ 20 ಗ್ರಾಂ ಎಂದುಕೊಂಡರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 300 ಮೀಟರ್, ಅಂದರೆ ಗುರುತ್ವದ ಸುಮಾರು 30 ಪಟ್ಟು! ಕಾಗದದ ಒಂದು ಕೋನ್ ಇಷ್ಟನ್ನು ಸೆಕೆಂಡಿಗೆ ನೂರಾರು ಸಲ ತಾಳಿಕೊಳ್ಳುತ್ತದೆ ಎಂಬುದೇ ಸೋಜಿಗ.

ಇದೇ ಬಲಕ್ಕೆ ಕೋನ್ ಎಷ್ಟು ದೂರ ಅಲುಗುತ್ತದೆ? ಅಂಚಿನ, ಸ್ಪೈಡರಿನ ಬಿಗಿಯನ್ನು ಸದ್ಯಕ್ಕೆ ಬಿಟ್ಟರೆ, ಕಂಪನದ ಪಾರ ಎಂದರೆ ವೇಗೋತ್ಕರ್ಷವನ್ನು (6.28 × ಆವೃತ್ತಿ)ಯ ವರ್ಗದಿಂದ ಭಾಗಿಸಿದ್ದು. 400 ಹರ್ಟ್ಸ್‌ನಲ್ಲಿ 0.05 ಮಿ.ಮೀ., 200 ಹರ್ಟ್ಸ್‌ನಲ್ಲಿ 0.19 ಮಿ.ಮೀ., 100 ಹರ್ಟ್ಸ್‌ನಲ್ಲಿ 0.76 ಮಿ.ಮೀ., 50 ಹರ್ಟ್ಸ್‌ನಲ್ಲಿ 3 ಮಿ.ಮೀ. ಆವೃತ್ತಿ ಅರ್ಧವಾದಾಗಲೆಲ್ಲ ಅಲುಗಾಟ ನಾಲ್ಕು ಪಟ್ಟು.

ಸ್ಪೀಕರಿನ ಸಡಿಲುಗಳೆಲ್ಲ ತಗ್ಗು ಸ್ವರದಲ್ಲೇ ಏಕೆ ಬಯಲಾಗುತ್ತವೆ ಎಂಬುದಕ್ಕೆ ಉತ್ತರ ಈ ಸಾಲಿನಲ್ಲಿದೆ. ಕೋನ್ ಎಳೆದಷ್ಟೂ ಸುರುಳಿ ಓರೆಯಾಗುವ, ತಂತಿ ಬಡಿಯುವ ಸಂಭವ ಹೆಚ್ಚು. ಮಕ್ಕಳ ಹಾಡಿಗೆ ಸುಮ್ಮನಿದ್ದು ಗಂಡಸರ ಮಾತಿಗೆ ಗರಗುಡುವ ರಹಸ್ಯವೂ ಆವೃತ್ತಿಯದೇ. ಗಂಡಸರ ಮಾತಿನ ಮೂಲ ಆವೃತ್ತಿ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್. ಮಕ್ಕಳದು ಅದರ ಎರಡು ಪಟ್ಟಿನ ಸುಮಾರು. ನಮ್ಮ ಬೀರುವಿನ ಮೇಲಿದ್ದ ಷೀಲ್ಡ್ 130 ಹರ್ಟ್ಸ್ ಹತ್ತಿರ ಅನುರಣಿಸುತ್ತಿತ್ತು ಎಂದು ಮೊಬೈಲಿನ ಸ್ವರಜನಕದಿಂದ ಆಮೇಲೆ ತಿಳಿಯಿತು. ಮುಖ್ಯೋಪಾಧ್ಯಾಯರ ದನಿ ನೇರ ಅಲ್ಲಿಗೇ ಹೋಗಿ ತಟ್ಟುತ್ತಿತ್ತು!

ಕಿವಿಗೆ ಕನ್ನಡವೇ ಸಾಕು

ಸದ್ದನ್ನು ಬಣ್ಣಿಸಲು ನಮ್ಮ ಭಾಷೆಯಲ್ಲಿ ಅನುಕರಣ ಪದಗಳಿಗೆ ಬರವಿಲ್ಲ. ವ್ಯಾಕರಣದ ಪಾಠದಲ್ಲಿ ಇವನ್ನು ಪಟ್ಟಿ ಮಾಡಿ ಬಿಡುತ್ತೇವೆ. ಸ್ಪೀಕರಿನ ಮುಂದೆ ಇವೇ ರೋಗಲಕ್ಷಣಗಳಾಗುತ್ತವೆ.

ಕರಕರ ಎಂಬ ಒಣ ಸದ್ದು ಬಂದರೆ ಸುರುಳಿ ಕಾಂತಕ್ಕೆ ಉಜ್ಜುತ್ತಿರಬಹುದು. ಎರಡೂ ಕಡೆಯ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಪೆಟ್ಟಿಗೆ ಕೆಳಗೆ ಬಿದ್ದು ಕಾಂತ ಜರುಗಿದರೆ, ಅತಿಯಾದ ಪ್ರವಾಹಕ್ಕೆ ಸುರುಳಿ ಕಾದು ಉಬ್ಬಿದರೆ, ಸ್ಪೈಡರ್ ಜೋತುಬಿದ್ದರೆ ಉಜ್ಜುವಿಕೆ ಶುರು. ನಮ್ಮ ಸೀಮೆಗೆ ಇನ್ನೊಂದು ಕಾರಣವುಂಟು. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲಿ ತೀರ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಗಾಳಿ, ದೂಳು ಎರಡಕ್ಕೂ ಇಲ್ಲಿ ಕೊರತೆಯಿಲ್ಲ. ಹಳ್ಳದ ಮರಳಿನಲ್ಲಿ ಕಾಂತ ಆಡಿಸಿ ಕಪ್ಪು ಕಣಗಳನ್ನು ಎತ್ತಿದ ಆಟ ನಿಮಗೆ ನೆನಪಿರಬಹುದು. ಕೋನಿನ ನಡುವಿನ ಟೊಪ್ಪಿ ಬಿಟ್ಟುಕೊಂಡಿದ್ದರೆ ಅಂಥ ಕಣಗಳು ಸಂದಿನೊಳಕ್ಕೆ ಸೇರುತ್ತವೆ. ಸೇರಿದ ಮೇಲೆ ಕಾಂತ ಅವನ್ನು ಬಿಡುವುದಿಲ್ಲ.

ಪಟಪಟ ಎಂದರೆ ಹೆಣೆದ ತಂತಿ ಕೋನಿಗೆ ಬಡಿಯುತ್ತಿರಬಹುದು. ಫರಫರ ಎಂದರೆ ಹರಿದ ಗಾಳಿಪಟ ನೆನೆಯಿರಿ, ಕೋನೋ ಅಂಚೋ ಹರಿದಿದೆ. ಟಿಣಿಟಿಣಿ ಎಂದರೆ ಲೋಹ: ಸಡಿಲ ಸ್ಕ್ರೂ, ಮುಂದಿನ ಜಾಲರಿ, ಹಿಂದಿನ ಫಲಕ. ಬುಸ್ ಎಂದರೆ ಪೆಟ್ಟಿಗೆಯ ಕೀಲಿನಿಂದ ಗಾಳಿ ಸೋರಿಕೆ. ಬರ್ರ್ ಎಂದು ಒರಟಾಗಿ, ಜೋರು ಮಾತಿನಲ್ಲಿ ಮಾತ್ರ ಬಂದರೆ ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ.

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮುಂದೆ ಕೂತವರಿಗೆ, ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ದುಡಿದವರಿಗೆ ಈ ವಿದ್ಯೆ ಹೊಸದಲ್ಲ. ಯಂತ್ರದ ತಾಳ ತಪ್ಪಿದರೆ ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಇಂಥ ಮನೆಗಳಿಂದ ಬರುವ ಮಕ್ಕಳು ತರಗತಿಗೆ ಈ ಕಿವಿಯನ್ನು ತಂದಿರುತ್ತಾರೆ. ಅದಕ್ಕೆ ನಾವು ಕೆಲಸ ಕೊಡುವುದಿಲ್ಲ.

ಮೂರು ಪ್ರಶ್ನೆಗಳು

ಸದ್ದಿನ ಹೆಸರು ಸುಳಿವು ಮಾತ್ರ, ಸಾಕ್ಷಿಯಲ್ಲ. ನನ್ನ ಅನುಭವದಿಂದ ಕಲಿತದ್ದನ್ನು ಮೂರು ಪ್ರಶ್ನೆಗಳಾಗಿ ನಿಮ್ಮ ಮುಂದಿಡುತ್ತೇನೆ.

ಒಂದು, ಯಾವ ಸ್ವರಕ್ಕೆ ಬರುತ್ತದೆ? ಮೊಬೈಲಿನಿಂದ ಶುದ್ಧ ಸ್ವರವನ್ನು ಮೆಲ್ಲಗಿನ ದನಿಯಲ್ಲಿ 40 ಹರ್ಟ್ಸ್‌ನಿಂದ 300ರವರೆಗೆ ನಿಧಾನವಾಗಿ ಏರಿಸಿ. ಒಂದು ಕಿರಿದಾದ ಆವೃತ್ತಿಯಲ್ಲಿ ಮಾತ್ರ ಸದ್ದು ಬಂದು ಮುಂದೆ ನಿಂತರೆ ಯಾವುದೋ ಸಡಿಲ ವಸ್ತು ಅನುರಣಿಸುತ್ತಿದೆ. ತಗ್ಗು ಸ್ವರಗಳಲ್ಲೆಲ್ಲ ಬಂದರೆ ಕೋನಿನ ಅಲುಗಾಟಕ್ಕೆ ಸಂಬಂಧಿಸಿದ ದೋಷ.

ಎರಡು, ಎಷ್ಟು ಜೋರಿಗೆ ಬರುತ್ತದೆ? ದನಿ ತಗ್ಗಿಸಿದರೂ ಕರಕರ ಉಳಿದರೆ ಸುರುಳಿಯ ಮೇಲೆ ಸಂಶಯ. ಜೋರಿನಲ್ಲಿ ಮಾತ್ರ, ಎಲ್ಲ ಸ್ವರಕ್ಕೂ ಬಂದರೆ ಆಂಪ್ಲಿಫೈಯರಿನ ಮೇಲೆ, ಇಲ್ಲವೇ ಮೊದಲೇ ಕೆಟ್ಟು ಧ್ವನಿಮುದ್ರಿತವಾದ ಹಾಡಿನ ಮೇಲೆ. ಇನ್ನೊಂದು ಹಾಡು ಹಾಕಿ ನೋಡುವುದಕ್ಕೆ ಖರ್ಚೇನಿಲ್ಲ.

ಮೂರು, ಯಾವ ಜಾಗದಲ್ಲಿ ಬರುತ್ತದೆ? ಪೆಟ್ಟಿಗೆಯನ್ನು ಬಯಲಿಗೆ ಒಯ್ಯಿರಿ. ಸದ್ದು ಹೋದರೆ ಕೋಣೆಯಲ್ಲಿ ಹುಡುಕಿ: ಕಿಟಕಿಯ ಗಾಜು, ಟ್ಯೂಬ್‌ಲೈಟಿನ ಪಟ್ಟಿ, ತಗಡಿನ ಮಾಡು, ಬೀರು. ಒಂದೊಂದನ್ನೂ ಕೈಯಿಂದ ಒತ್ತಿ ಹಿಡಿಯಿರಿ. ಸದ್ದು ಹೋಗದಿದ್ದರೆ ಪೆಟ್ಟಿಗೆಯ ಸ್ಕ್ರೂ, ಜಾಲರಿ, ಹಿಂಬದಿ. ಒಂದು ಮೀಟರ್ ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಅಲ್ಲಲ್ಲಿ ಆಡಿಸಿದರೆ ವೈದ್ಯರ ಸ್ಟೆತಸ್ಕೋಪಿನಂತೆ ಜಾಗ ತೋರಿಸುತ್ತದೆ.

ಇಷ್ಟಾದ ಮೇಲೆ ಮಾತ್ರ ಸ್ಪೀಕರನ್ನು ಬಿಚ್ಚಿ. ಆಂಪ್ಲಿಫೈಯರಿನ ವೈರು ಕಳಚಿ, ಎರಡೂ ಕೈಯ ಬೆರಳುಗಳನ್ನು ಟೊಪ್ಪಿಯ ಸುತ್ತ ಸಮನಾಗಿ ಇಟ್ಟು ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ಒರಸುವ ಸದ್ದು ಬೆರಳಿಗೇ ತಿಳಿಯುತ್ತದೆ. ಮಲ್ಟಿಮೀಟರಿನಿಂದ ರೋಧ ನೋಡಿ. 8 ಓಮ್ ಎಂದು ಬರೆದ ಸ್ಪೀಕರ್ ಸುಮಾರು 6 ಓಮ್ ತೋರಿಸಿದರೆ ಗಾಬರಿಯಾಗಬೇಡಿ. 8 ಎಂಬುದು ಪರ್ಯಾಯ ಪ್ರವಾಹಕ್ಕೆ ಒಡ್ಡುವ ಒಟ್ಟು ಪ್ರತಿಬಾಧೆ, ಮೀಟರ್ ಅಳೆಯುವುದು ತಂತಿಯ ರೋಧವನ್ನಷ್ಟೇ. ಸ್ಪೈಡರ್ ಸ್ವಲ್ಪ ಜೋತಿದ್ದರೆ ಸ್ಪೀಕರನ್ನು ಅದರ ಚೌಕಟ್ಟಿನಲ್ಲೇ ಅರ್ಧ ಸುತ್ತು ತಿರುಗಿಸಿ ಕೂರಿಸುವುದು ಹಳೆಯ ಉಪಾಯ. ಗುರುತ್ವ ಈಗ ಎದುರು ದಿಕ್ಕಿಗೆ ಎಳೆಯುತ್ತದೆ. ಇದಕ್ಕೂ ಬಗ್ಗದಿದ್ದರೆ ಅಂಗಡಿಯೇ ಗತಿ. ಟೊಪ್ಪಿ ಬಿಡಿಸಿ, ಸಂದಿನ ಸುತ್ತ ತೆಳು ಫಿಲಂ ಚೂರುಗಳನ್ನು ತುರುಕಿ ಸುರುಳಿಯನ್ನು ಮಧ್ಯಕ್ಕೆ ತಂದು ಅಂಟಿಸುವ ಕೆಲಸ ನುರಿತ ಕೈಯದು. ಮನೆ ವಿದ್ಯುತ್ತಿನ ಆಂಪ್ಲಿಫೈಯರನ್ನು ಮಾತ್ರ ಮಕ್ಕಳ ಕೈಯಲ್ಲಿ ಬಿಚ್ಚಿಸಬೇಡಿ.

ಕೈ ಸ್ಪೀಕರಿನ ಮೇಲಿದ್ದಾಗಲೇ ಇನ್ನೊಂದು ಮಾಡಿ. ಸ್ಪೀಕರಿನ ಎರಡು ತುದಿಗಳನ್ನು ತಂತಿಯ ತುಂಡಿನಿಂದ ಸೇರಿಸಿ ಕೋನನ್ನು ಥಟ್ಟನೆ ಒತ್ತಿ. ಈಗ ಅದು ಹೆಚ್ಚು ಬಿಗಿಯಾಗಿ ತೋರುತ್ತದೆ. ದೊಡ್ಡ ಕಾಂತದ ಸ್ಪೀಕರಿನಲ್ಲಿ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ನೀವು ಸುರುಳಿಯನ್ನು ಚಲಿಸಿದಾಗ ಅದರಲ್ಲಿ ಪ್ರವಾಹ ಹುಟ್ಟಿ ನಿಮ್ಮನ್ನೇ ತಡೆಯುತ್ತಿದೆ. ಪಠ್ಯದಿಂದ ಕೈಬಿಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಹೀಗೆ ಬೆರಳ ತುದಿಗೆ ಸಿಗುತ್ತದೆ.

ಜಾತ್ರೆಯ ಮೈಕು

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೋ ಗೌರಸಮುದ್ರ ಮಾರಮ್ಮನ ಜಾತ್ರೆಗೋ ಹೋದರೆ, ಇಲ್ಲವೇ ನಿಮ್ಮೂರಿನ ಯಾವುದೇ ಉತ್ಸವಕ್ಕೆ ಹೋದರೆ, ಕಿವಿ ತೆರೆದು ಕೇಳಿ. ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ದುಂಡಗಿನ ಅಲೆ ಚೌಕವಾಗುತ್ತಾ ಹೋದಂತೆ ಮೂಲ ಆವೃತ್ತಿಯ 3, 5, 7 ಪಟ್ಟಿನ ಹೊಸ ಸ್ವರಗಳು ಸೇರಿಕೊಳ್ಳುತ್ತವೆ. ಬರ್ರ್ ಎಂಬ ಒರಟುತನ ಇವುಗಳದೇ. ಅದೇ ಎತ್ತರದ ದುಂಡಗಿನ ಅಲೆಗಿಂತ ಪೂರ್ತಿ ಚೌಕ ಅಲೆ ಎರಡು ಪಟ್ಟು ಸಾಮರ್ಥ್ಯವನ್ನು ಸುರುಳಿಗೆ ಸುರಿಯುತ್ತದೆ. ಸುರುಳಿ ಕಾಯುತ್ತದೆ, ಉಬ್ಬುತ್ತದೆ, ಉಜ್ಜುತ್ತದೆ. ನಿಜವಾದ ಗರಗರ ಹುಟ್ಟುವುದು ಹೀಗೆ. ಮಾತು ಮಾತ್ರ ಸ್ಪಷ್ಟವಾಗುವುದಿಲ್ಲ.

ಇದರ ಇನ್ನೊಂದು ಮುಖ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಹಬ್ಬಗಳಿಗೆ ಸೀಮಿತ ವಿನಾಯಿತಿ ಉಂಟು. ನಿಯಮವನ್ನು ಪೊಲೀಸರ ವಿಷಯ ಎಂದು ಬಿಡುವ ಬದಲು, ‘ದನಿ ತಗ್ಗಿಸಿದರೆ ಮಾತು ಚೆನ್ನಾಗಿ ಕೇಳುತ್ತದೆ, ಸ್ಪೀಕರೂ ಬಾಳುತ್ತದೆ’ ಎಂದು ತರಗತಿಯಲ್ಲಿ ಕೇಳಿಸಿ ತೋರಿಸಿದರೆ ಅದು ಮನಸ್ಸಿಗೆ ನಾಟುತ್ತದೆ.

ಎದುರು ವಾದ

‘ಇರುವ ಪಾಠ ಮುಗಿಸಲೇ ಸಮಯವಿಲ್ಲ, ಸ್ಪೀಕರ್ ಬಿಚ್ಚಿ ಕೂರಲೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಒಂದು ಅಧ್ಯಾಯ ಎಲ್ಲ ಸಾಧನಗಳನ್ನೂ ವಿವರಿಸಲಾರದು. ಆದರೆ ಶಬ್ದ, ಅನುರಣನೆ, ಕಾಂತೀಯ ಬಲ, ರೋಧ, ಪ್ರೇರಣೆ ಇವನ್ನು ಬೇರೆ ಬೇರೆ ತರಗತಿಗಳಲ್ಲಿ ಚೂರು ಚೂರಾಗಿ ಹೇಗೂ ಕಲಿಸುತ್ತೇವೆ. ಇವೆಲ್ಲ ಒಂದೇ ಕಡೆ ಸೇರುವ ಸಾಧನ ಗುಜರಿಯಲ್ಲೂ ಸಿಗುತ್ತದೆ. ಒಂದು ಅವಧಿ ಸಾಕು.

‘ಕೆಟ್ಟರೆ ಹೊಸದು ತರುವುದೇ ಅಗ್ಗ’ ಎಂಬ ವಾದವೂ ಇದೆ. ಸಣ್ಣ ಸ್ಪೀಕರುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ನಮ್ಮ ಶಾಲೆಯಲ್ಲಿ ಹೊಸ ಪೆಟ್ಟಿಗೆ ತಂದಿದ್ದರೂ ಗರಗರ ಹೋಗುತ್ತಿರಲಿಲ್ಲ ಎಂಬುದನ್ನು ಮರೆಯಬೇಡಿ. ಬದಲಾಯಿಸಬೇಕೇ ಬೇಡವೇ ಎಂಬುದಕ್ಕಿಂತ ಮೊದಲು ಯಾವುದನ್ನು ಎಂದು ಗೊತ್ತಾಗಬೇಕು. ಅಂಗಡಿಯವರನ್ನೂ ನಾನು ದೂರುವುದಿಲ್ಲ. ಅವರ ಕೈಗೆ ನಾವು ಕೊಟ್ಟದ್ದು ಪೆಟ್ಟಿಗೆಯೊಂದನ್ನೇ, ಕೋಣೆಯನ್ನಲ್ಲ. ಕೋನ್ ಹರಿದಿದೆ ಎಂದು ಹೇಳಿ ಕಳಿಸಿದವರೂ ನಾವೇ.

ವಿಜ್ಞಾನ ನಗರದ ನೆರಳಿನಲ್ಲಿ

ಚಳ್ಳಕೆರೆಯನ್ನು ಈಗ ವಿಜ್ಞಾನ ನಗರ ಎನ್ನುತ್ತಾರೆ. ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲು ಇದ್ದ ಕಡೆ ದೊಡ್ಡ ಸಂಸ್ಥೆಗಳು ಬಂದಿವೆ. ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋ ತನ್ನ ಮರುಬಳಕೆ ವಾಹನವನ್ನು ತಾನಾಗಿ ನೆಲಕ್ಕಿಳಿಸುವ ಪ್ರಯೋಗವನ್ನು 2023ರ ಏಪ್ರಿಲ್ 2ರಂದು ಅಲ್ಲಿಯೇ ಮಾಡಿತು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ.

ಇವಕ್ಕೂ ನಮ್ಮ ಗರಗರಕ್ಕೂ ಏನು ನಂಟು? ಉಪಗ್ರಹವನ್ನಾಗಲಿ ವಿಮಾನದ ಉಪಕರಣವನ್ನಾಗಲಿ ಹಾರಿಸುವ ಮೊದಲು ಕಂಪನ ಯಂತ್ರದ ಮೇಲೆ ಬಿಗಿದು, ಆವೃತ್ತಿಯನ್ನು ಕ್ರಮವಾಗಿ ಏರಿಸುತ್ತಾ ಅಲುಗಿಸಿ ನೋಡುತ್ತಾರೆ. ಯಾವ ಆವೃತ್ತಿಯಲ್ಲಿ ಯಾವ ಭಾಗ ಅನುರಣಿಸುತ್ತದೆ, ಯಾವ ಸ್ಕ್ರೂ ಸಡಿಲಾಗುತ್ತದೆ ಎಂದು ಹುಡುಕುತ್ತಾರೆ. ಆ ಕಂಪನ ಯಂತ್ರಗಳಲ್ಲಿ ಬಹಳಷ್ಟು ಚಲಿಸುವ ಸುರುಳಿಯವೇ, ಅಂದರೆ ಕೋನ್ ಇಲ್ಲದ ದೈತ್ಯ ಧ್ವನಿವರ್ಧಕಗಳು. ಮೊಬೈಲಿನ ಸ್ವರವನ್ನು 40ರಿಂದ 300 ಹರ್ಟ್ಸ್‌ಗೆ ಏರಿಸುತ್ತಾ ಬೀರುವಿನ ಮೇಲೆ ಕೈಯಿಟ್ಟು ನೋಡುವ ವಿದ್ಯಾರ್ಥಿ ಅದೇ ಪರೀಕ್ಷೆಯನ್ನು ಸಣ್ಣದಾಗಿ ಮಾಡುತ್ತಿದ್ದಾನೆ. ಈ ಮಾತನ್ನು ಅವನಿಗೆ ಹೇಳಬೇಕಾದವರು ನಾವು. ಹೇಳದಿದ್ದರೆ ಬೇಲಿಯಾಚೆಯ ವಿಜ್ಞಾನ ಬೇರೆ, ಶಾಲೆಯ ವಿಜ್ಞಾನ ಬೇರೆ ಎಂದೇ ಅವನು ತಿಳಿದಾನು.

ಕೊನೆಗೆ ಆ ಹುಡುಗನ ವಿಷಯ. ಅವನು ಹೇಳಿದ್ದು ಒಂದು ವೀಕ್ಷಣೆ: ಅಂಗಳದಲ್ಲಿ ಸದ್ದು ಬರಲಿಲ್ಲ. ನಾನು ಕೇಳಿಸಿಕೊಂಡದ್ದು ಒಂದು ನೆಪ. ಷೀಲ್ಡ್ ಪತ್ತೆಯಾದ ದಿನ ತರಗತಿಯ ಎದುರಿಗೇ ಅವನಿಗೆ ನನ್ನ ತಪ್ಪು ಒಪ್ಪಿಕೊಂಡು ಬೀಗದ ಕೈ ಹಿಂದಿರುಗಿಸಿದೆ. ‘ನಾ ಅವತ್ತೇ ಹೇಳಿದ್ನಲ್ಲ ಸಾರ್’ ಎಂದ. ಕೋನಿಗೆ ಕೊಟ್ಟ ಹಣ ವಾಪಸು ಬರಲಿಲ್ಲ. ಅವನು ಸುಮ್ಮನೆ ಬೈಸಿಕೊಂಡ ತಿಂಗಳುಗಳೂ ಬರಲಾರವು.

ಮುಂದಿನ ಸಲ ನಿಮ್ಮ ಶಾಲೆಯ ಸ್ಪೀಕರ್ ಗರಗರ ಎಂದಾಗ ಅಂಗಡಿಗೆ ಫೋನ್ ಮಾಡುವ ಮೊದಲು ಒಂದು ಅವಧಿ ಬಿಡುವು ಮಾಡಿಕೊಳ್ಳಿ. ಮಕ್ಕಳನ್ನು ಸುತ್ತ ಕೂರಿಸಿ. ಸದ್ದಿಗೆ ಹೆಸರಿಡಲು ಹೇಳಿ, ಮೂರು ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯಿರಿ. ಪೆಟ್ಟಿಗೆಗಳ ಜಾಗ ಬದಲಿಸಿ ನೋಡಿದಿರಾ ಎಂದು ನೀವು ಕೇಳುವ ಮೊದಲೇ ಯಾರಾದರೊಬ್ಬರು ಎದ್ದು ಕೇಳಿದರೆ, ಆ ಪಾಠ ಮುಗಿದಂತೆ.